ಆ ಪೆಂಗ್ವಿನ್ ಕಾಲಿಗೆ ಹಗ್ಗ ಕಟ್ಟಿತ್ತು

ಬೆಳಿಗ್ಗೆಯಿಂದ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದೇ ಫೋಟೋ ಸುತ್ತುತ್ತಾ ಇದೆ. ಸುತ್ತ ಹಿಮ, ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರ ಲಂಗ) ತೊಟ್ಟ ಒಬ್ಬ ಬ್ಯಾಗ್‌ಪೈಪ್ ಊದುತ್ತಿದ್ದಾನೆ, ಪಕ್ಕದಲ್ಲಿ ಎಂಪರರ್ ಪೆಂಗ್ವಿನ್ ನೆಟ್ಟಗೆ ನಿಂತಿದೆ. ಕೆಳಗೆ 'ಸಂಗೀತಕ್ಕೆ ಮರುಳಾದ ಪೆಂಗ್ವಿನ್' ಅಂತ ಯಾರೋ ಬರೆದಿದ್ದಾರೆ. ಸಾಲುಸಾಲು ನಗುವ ಇಮೋಜಿಗಳು. ಮಧ್ಯಾಹ್ನ ಇಲ್ಲಿ ಫೇಸ್‌ಬುಕ್ಕಲ್ಲೂ ಅದೇ ಫೋಟೋ, ಅದೇ ಸಾಲು. ಇನ್ನು ಸುಮ್ಮನಿರೋಕೆ ನನ್ನಿಂದ ಆಗಲ್ಲ.

ಅದು ಮರುಳಾಗಿರಲಿಲ್ಲ. ಓಡಿಹೋಗದ ಹಾಗೆ ಕಾಲಿಗೆ ಹಗ್ಗ ಕಟ್ಟಿದ್ದರು. ಊದುತ್ತಿರುವವನು ಗಿಲ್ಬರ್ಟ್ ಕೆರ್. 1904ರ ಮಾರ್ಚ್, ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಮಂಜುಗಡ್ಡೆ. ಕುಣಿಯುವ ಧಾಟಿ, ಶೋಕದ ಧಾಟಿ ಎಲ್ಲಾ ಊದಿ ನೋಡಿದರು. ಹಕ್ಕಿ ಖುಷಿಪಡಲಿಲ್ಲ, ಸಿಟ್ಟಾಗಲಿಲ್ಲ, ತೂಕಡಿಸುವವರ ಹಾಗೆ ನಿಂತಿತ್ತು. ಆ ತಂಡದವರೇ ಇದನ್ನು ಇದ್ದದ್ದು ಇದ್ದ ಹಾಗೆ ಬರೆದಿಟ್ಟಿದ್ದಾರೆ. ಕಂಡದ್ದನ್ನು ಮಾತ್ರ ಬರೆಯುವ ಜನ ಅವರು. ಅಂಥವರ ಫೋಟೋ ಕೆಳಗೇ ನಾವು ಕಾಣದ್ದನ್ನು ಬರೆದು ಹಂಚುತ್ತಿದ್ದೇವೆ.

ಇವರು ಯಾರು, ಅಷ್ಟು ದೂರ ಯಾಕೆ ಹೋದರು ಅಂತ ಗ್ರೂಪಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಸಂಕಟ ಆಗಿದ್ದು ಅದಕ್ಕೆ.

ಅದು ವಿಲಿಯಂ ಸ್ಪೀರ್ಸ್ ಬ್ರೂಸ್ ಮುಂದಾಳತ್ವದ ಸ್ಕಾಟಿಷ್ ತಂಡ. ಹೊಲಿಗೆ ದಾರದ ವ್ಯಾಪಾರದಲ್ಲಿ ದುಡ್ಡು ಮಾಡಿದ್ದ ಕೋಟ್ಸ್ ಮನೆತನ ಖರ್ಚಿನ ಬಹುಪಾಲು ಕೊಟ್ಟಿತು. ನಾರ್ವೆಯ ಹಳೇ ತಿಮಿಂಗಿಲ ಬೇಟೆ ಹಡಗೊಂದನ್ನು ಕೊಂಡು, ಸರಿಪಡಿಸಿ, 'ಸ್ಕೋಶಿಯಾ' ಅಂತ ಹೆಸರಿಟ್ಟು 1902ರ ನವೆಂಬರಲ್ಲಿ ಹೊರಟರು. ಧ್ರುವ ಮುಟ್ಟುವ ಆಸೆಯೇ ಅವರಿಗೆ ಇರಲಿಲ್ಲ. ಸಮುದ್ರದ ಆಳ, ಜೀವಿಗಳು, ಗಾಳಿ, ಉಷ್ಣಾಂಶ, ಇವನ್ನು ಅಳೆದು ಬರೆಯುವುದೇ ಕೆಲಸ.

ಮರುವರ್ಷ ಅಂಟಾರ್ಕ್ಟಿಕದ ಹತ್ತಿರದ ದಕ್ಷಿಣ ಆರ್ಕ್ನಿ ದ್ವೀಪಗಳ ಪೈಕಿ ಲಾರಿ ಎಂಬ ದ್ವೀಪದ ಕೊಲ್ಲಿಯಲ್ಲಿ ಹಡಗು ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡಿತು. ಸುಮಾರು ಎಂಟು ತಿಂಗಳು ಅಲ್ಲಾಡಲಿಲ್ಲ. ಆ ಚಳಿಯಲ್ಲಿ ಅವರು ದಡಕ್ಕೆ ಹೋಗಿ ಮನೆ ಕಟ್ಟಿದರು. ಗಾರೆ ಇಲ್ಲ, ಕಲ್ಲುಕುಟಿಗರ ಉಪಕರಣ ಇಲ್ಲ. ಸಿಕ್ಕ ಕಲ್ಲನ್ನು ಕಲ್ಲಿನ ಮೇಲೆ ಕೂರಿಸುತ್ತಾ ಹೋದರು. ನಮ್ಮ ಕಡೆ ತೋಟದ ಬೇಲಿಗೆ ಕಾಡುಗಲ್ಲಿನ ಪಾಗಾರ ಹಾಕುತ್ತಾರಲ್ಲ, ಹಾಗೆ. ಮೇಲೆ ಮರ, ಕ್ಯಾನ್ವಾಸಿನ ಮಾಡು. ಇಪ್ಪತ್ತು ಅಡಿಗೆ ಇಪ್ಪತ್ತು ಅಡಿ, ಎರಡು ಕಿಟಕಿ. ಅದೇ ಆಮಂಡ್ ಹೌಸ್.

ಆ ಆಗಸ್ಟಲ್ಲಿ ಹಡಗಿನ ಎಂಜಿನಿಯರ್ ಅಲನ್ ರಾಮ್ಸೆ ಹೃದಯದ ಕಾಯಿಲೆಯಿಂದ ತೀರಿಕೊಂಡ. ಅಲ್ಲೇ ದಡದಲ್ಲಿ ಮಣ್ಣು ಮಾಡಿದರು. ಬೇಸಿಗೆಯಲ್ಲಿ ಮಂಜು ಬಿಟ್ಟ ಮೇಲೆ ಬ್ರೂಸ್ ಹಡಗು ತಗೊಂಡು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋದ. ಹವಾಮಾನ ತಜ್ಞ ರಾಬರ್ಟ್ ಮಾಸ್‌ಮನ್ ಸೇರಿ ಆರು ಜನ ಆ ಕಲ್ಲುಮನೆಯಲ್ಲಿ ಉಳಿದರು, ಹವಾಮಾನದ ಅಂಕಿ ಬರೆಯೋಕೆ.

ಅಂಕಿ ಬರೆಯೋದು ಅಂದರೆ ಏನು ಅಂತ ನನಗೆ ಗೊತ್ತು. ನಮ್ಮಪ್ಪನ ಮಳೆ ಪುಸ್ತಕದ ವಿಷಯ ನಿಮ್ಮಲ್ಲಿ ಹಳಬರಿಗೆಲ್ಲಾ ಗೊತ್ತಿದೆ. ಬೆಳಿಗ್ಗೆ ಎಂಟೂವರೆಗೆ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಕಾಫಿ ಕಣದ ಮೂಲೆಗೆ ಹೋಗೋರು. ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡೋರು. ಎರಡಿಂಚು ನಲವತ್ತು ಸೆಂಟ್. ಮಳೆ ಬಾರದ ದಿನ ಸೊನ್ನೆ. ಆ ಸೊನ್ನೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯೋರು. ಅಪ್ಪ ತೀರಿಕೊಂಡ ವರ್ಷ ನಾನು ಪುಸ್ತಕ ಮುಟ್ಟಲಿಲ್ಲ. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ಖಾಲಿ. ಆಮೇಲೆ ಶುರು ಮಾಡಿದೆ, ಇವತ್ತಿನವರೆಗೂ ಬಿಟ್ಟಿಲ್ಲ. ಆದರೆ ಆ ಮೂರು ಪುಟ ತುಂಬೋಕೆ ಈಗ ಯಾರಿಂದಲೂ ಆಗಲ್ಲ. ಪುಸ್ತಕ ತೆರೆದಾಗೆಲ್ಲಾ ಆ ಪುಟಗಳನ್ನು ಬೇಗ ಮಗುಚುತ್ತೇನೆ.

ಲಾರಿ ದ್ವೀಪದ ಪುಸ್ತಕದಲ್ಲಿ ಹಾಗೆ ಆಗಲಿಲ್ಲ. 1904ರ ಫೆಬ್ರವರಿ 22ರಂದು ಬ್ರೂಸ್ ಆ ಕೇಂದ್ರವನ್ನು ಅರ್ಜೆಂಟೀನಾಕ್ಕೆ ಒಪ್ಪಿಸಿದ. ಮಾಸ್‌ಮನ್ ಇನ್ನೊಂದು ವರ್ಷ ಅಲ್ಲೇ ಉಳಿದ. ಅಡುಗೆಯ ಸ್ಮಿತ್ ಉಳಿದ. ಹೊಸದಾಗಿ ಬಂದ ಮೂವರಲ್ಲಿ ಹ್ಯೂಗೋ ಅಕುನ್ಯಾ ಎಂಬ ಹದಿನೆಂಟರ ಹುಡುಗನೂ ಇದ್ದ, ಅಂಚೆಯ ಕೆಲಸ ಅವನದು. ಅಂದಿನಿಂದ ಅಲ್ಲಿ ಪಾಳಿ ಬದಲಾಗುತ್ತಲೇ ಇದೆ. ಇಡೀ ಅಂಟಾರ್ಕ್ಟಿಕ ಭಾಗದಲ್ಲಿ ಎಡೆಬಿಡದೆ ನಡೆದುಬಂದ ಹವಾಮಾನ ದಾಖಲೆಗಳಲ್ಲಿ ಅದೇ ಅತಿ ಉದ್ದದ್ದು. ಆ ಭಾಗ ನೂರು ವರ್ಷದಲ್ಲಿ ಬೆಚ್ಚಗಾಗಿದೆ ಅಂತ ಇವತ್ತು ಗಟ್ಟಿಯಾಗಿ ಹೇಳೋಕೆ ಆಗೋದು ಆ ಪುಸ್ತಕ ಇರೋದರಿಂದ.

ಅದೇ 1904ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ವೀಕ್ಷಣಾಲಯವನ್ನು ದುಡ್ಡಿಲ್ಲ ಅಂತ ಮುಚ್ಚಿದರು. ಬ್ರೂಸ್ ಚಳಿಯಲ್ಲಿ ಅಂಕಿ ಬರೆಯುವುದನ್ನು ಕಲಿತದ್ದು ಅಲ್ಲಿ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

'ಧ್ರುವಕ್ಕೆ ಹೋದವರು ಪ್ರಾಣ ಪಣಕ್ಕಿಟ್ಟವರು, ಹೆಸರು ಅವರಿಗೇ ಸಲ್ಲಬೇಕಲ್ಲವಾ' ಅಂತ ನನ್ನ ಸ್ನೇಹಿತರೊಬ್ಬರು ಕೇಳಿದರು. ದಕ್ಷಿಣ ಧ್ರುವ ಮುಟ್ಟಿ ವಾಪಸು ಬರುವಾಗ ಸತ್ತ ಇಂಗ್ಲಿಷರ ಸ್ಕಾಟ್ ತಂಡ ಸಾಯುವಾಗಲೂ ಹದಿನೈದು ಕಿಲೋಗೂ ಹೆಚ್ಚು ಕಲ್ಲಿನ ಮಾದರಿಗಳನ್ನು ಕೈಬಿಟ್ಟಿರಲಿಲ್ಲ, ಅದು ನನಗೂ ಗೊತ್ತು, ಅವರಿಗೆ ಕೈಮುಗಿಯುತ್ತೇನೆ. ಆದರೆ ಪ್ರಾಣ ಪಣಕ್ಕಿಟ್ಟದ್ದೇ ಅಳತೆಯಾದರೆ ರಾಮ್ಸೆಯ ಗೋರಿ ಯಾವ ಲೆಕ್ಕಕ್ಕೆ? ಸ್ಕಾಟ್, ಅವನ ಹಾಗೇ ಧ್ರುವದ ಕಡೆ ಹೊರಟ ಶ್ಯಾಕಲ್‌ಟನ್, ಇವರ ಜೊತೆ ಹೋದವರಿಗೆ ಬ್ರಿಟನ್ನಿನ ಪೋಲಾರ್ ಮೆಡಲ್ ಸಿಕ್ಕಿತು. ಸ್ಕೋಶಿಯಾದವರಿಗೆ ಸಿಗಲೇ ಇಲ್ಲ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಮುಖ್ಯಸ್ಥನಾಗಿದ್ದ ಕ್ಲೆಮೆಂಟ್ಸ್ ಮಾರ್ಕಮ್, ಇವರು ತಮ್ಮದೇ ತಂಡ ಕಟ್ಟಿದ್ದನ್ನು ಮೊದಲಿಂದಲೂ ಸಹಿಸಿರಲಿಲ್ಲ. ಬ್ರೂಸ್‌ಗೆ ಬೇರೆ ಪದಕಗಳು ಬಂದವು, ಆದರೆ ತನ್ನ ಜೊತೆ ಬಂದವರಿಗೆ ಈ ಪದಕ ಕೊಡಿಸೋಕೆ ವರ್ಷಗಟ್ಟಲೆ ಓಡಾಡಿ 1921ರಲ್ಲಿ ತೀರಿಕೊಂಡ. ಅವನ ವೈಜ್ಞಾನಿಕ ವರದಿಗಳ ಕೊನೇ ಸಂಪುಟ ಅಚ್ಚಾದದ್ದು 1992ರಲ್ಲಿ.

ಇದೆಲ್ಲಾ ನಮಗೆ ಯಾಕೆ ಅನ್ನೋರಿಗೆ ಇನ್ನೊಂದು ಮಾತು. ಆ 1904ರಲ್ಲೇ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್, ನಮ್ಮ ಮುಂಗಾರಿನ ಸುಳಿವು ಹುಡುಕುತ್ತಾ ದಕ್ಷಿಣ ಅಮೆರಿಕದ ವಾಯುಭಾರದ ಅಂಕಿಗಳವರೆಗೂ ಹೋದ. ಎಲ್ಲೋ ಯಾರೋ ದಿನಾ ತಪ್ಪದೆ ಬರೆದಿಟ್ಟಿದ್ದಕ್ಕೆ ಅವನ ಕೈಗೆ ಅಂಕಿ ಸಿಕ್ಕಿತು.

ಇಷ್ಟನ್ನೂ ಚಿಕ್ಕದು ಮಾಡಿ ಗ್ರೂಪಲ್ಲಿ ಹಾಕಿದೆ. ದೊಡ್ಡವರೆಲ್ಲಾ ಹೆಬ್ಬೆರಳು ತೋರಿಸಿ ಮದುವೆ ಮಾತಿಗೆ ಹೋದರು. ಸಂಜೆ ಅಕ್ಕನ ಮೊಮ್ಮಗಳು, ಆರನೇ ಕ್ಲಾಸು, ಬೇರೆಯಾಗಿ ಮೆಸೇಜ್ ಮಾಡಿದಳು: 'ಅಜ್ಜ, ಆ ಕಲ್ಲಿನ ಮನೆ ಇನ್ನೂ ಇದೆಯಾ?'

ಮಾಡು ಇಲ್ಲ ಮಗಾ, ಪಾಳು ಗೋಡೆ ಇದೆ, ರಾಮ್ಸೆಯ ಗೋರಿಯೂ ಅಲ್ಲೇ ಇದೆ ಅಂತ ಬರೆದೆ. ಇವತ್ತೂ ಅಲ್ಲಿ ಉಷ್ಣಾಂಶ ಬರೆದುಕೊಂಡಿರುತ್ತಾರೆ ಅಂತಲೂ ಬರೆದೆ. ನಾಳೆ ಎಂಟೂವರೆಗೆ ಮಳೆ ಅಳೆಯುವಾಗ ವಿಡಿಯೋ ಕಾಲ್ ಮಾಡು ಅಂದಿದ್ದಾಳೆ.