ಗ್ರೇನ್ ಇರ್ಲಿ ಬಿಡ್ರೀ

ನನ್ನ ಜೊತೆ ಕೂತು ಸಿನಿಮಾ ನೋಡೋಕೆ ಈಗ ನಮ್ಮನೇಲಿ ಯಾರೂ ತಯಾರಿಲ್ಲ. ಕಾರಣ ಸಿಂಪಲ್ಲು, ಅವ್ರು ಕಥೆ ನೋಡ್ತಾರೆ, ನಾನು ಪ್ರಿಂಟ್ ನೋಡ್ತೀನಿ. ಹೀರೋಯಿನ್ ಕೊನೆಯುಸಿರು ಎಳೀತಿರ್ತಾಳೆ, ಎಲ್ರೂ ಕಣ್ಣೊರೆಸ್ಕೊಳ್ತಿರ್ತಾರೆ, ನಾನು ಎದ್ದೋಗಿ ಟಿವಿಗೆ ಮೂಗು ತಾಗಿಸ್ಕೊಂಡು "ಹಿಂದ್ಗಡೆ ಗೋಡೆ ನೋಡು, ನೆರಳು ಮೆಟ್ಲು ಮೆಟ್ಲಾಗಿ ಒಡ್ದಿದೆ, ಇದೇ ಬ್ಯಾಂಡಿಂಗು" ಅಂತೀನಿ. "ರೀ, ಅವ್ಳು ಸಾಯೋವರ್ಗಾದ್ರೂ ಸುಮ್ನಿರಿ" ಅಂತಾಳೆ ನಮ್ಮಾಕೆ.

ವಿಸಿಡಿ ಕಾಲದಲ್ಲಿ ಈ ತಾಪತ್ರಯ ಇರ್ಲಿಲ್ಲ. ಅಗಲಕ್ಕೆ 352, ಎತ್ತರಕ್ಕೆ 288 ಪಿಕ್ಸೆಲ್ಲು ಅಷ್ಟೇ, ಫೈಟ್ ಶುರುವಾಯ್ತು ಅಂದ್ರೆ ಪರದೆ ತುಂಬಾ ಚೌಕ ಚೌಕ, ಯಾರು ಯಾರಿಗೆ ಬಿಟ್ರು ಅಂತ ಡಿಶುಂ ಸೌಂಡ್ ಕೇಳಿ ಲೆಕ್ಕ ಹಾಕ್ಬೇಕು, ಅರ್ಧಕ್ಕೆ ಎದ್ದು ಇನ್ನೊಂದು ಡಿಸ್ಕ್ ಬೇರೆ ಹಾಕ್ಬೇಕು, ಆದ್ರೂ ಆರಾಮಾಗಿದ್ವಿ. 2006ರಲ್ಲಿ ಬ್ಲೂ-ರೇ ಅನ್ನೋ ಹೊಸ ಡಿಸ್ಕ್ ಬಂತು ನೋಡಿ, ಹೀರೋ ವಿಗ್ ಅಂಟಿಸಿರೋ ಗೆರೆನೂ ಕಾಣೋಕೆ ಶುರುವಾಯ್ತು.

ಜೊತೆಗೆ ಗ್ರೇನೂ ಕಾಣ್ತು. ಫಿಲ್ಮ್ ಮೇಲೆ ಬೆಳ್ಳಿ ಲವಣದ ಸಣ್ಣ ಹರಳಿರುತ್ತೆ, ಬೆಳಕು ಬಿದ್ದು ಚಿತ್ರ ಮೂಡೋದೇ ಅದ್ರಿಂದ, ಅದ್ರ ಗುರುತು ಪರದೆ ಮೇಲೆ ಸಣ್ಣ ಚುಕ್ಕಿಯಾಗಿ ಕಾಣುತ್ತೆ, ಅದೇ ಗ್ರೇನು. ಆದ್ರೆ ಕೊಂಡವ್ರು "ಏನ್ರೀ ಇದು, ಇಷ್ಟು ದುಡ್ಡು ಕೊಟ್ರೂ ಚುಕ್ಕಿ ಚುಕ್ಕಿ ಕುಣೀತಿದೆ" ಅಂದ್ರು. ಕಂಪನಿಯೋರು ನಾಯ್ಸ್ ರಿಡಕ್ಷನ್ ಅಂತ ಉಜ್ಜಿದ್ರು ಉಜ್ಜಿದ್ರು, ಚುಕ್ಕಿ ಜೊತೆ ಮುಖದ ಸುಕ್ಕು, ಕುರುಚಲು ಗಡ್ಡ, ಅಂಗಿ ನೇಯ್ಗೆ ಎಲ್ಲಾ ಹೋಯ್ತು. 2010ರ 'ಪ್ರಿಡೇಟರ್' ಡಿಸ್ಕಲ್ಲಿ ಅರ್ನಾಲ್ಡ್ ಕಾಡಲ್ಲಿ ಬೆವರು ಸುರಿಸ್ಕೊಂಡು ಓಡ್ತಾನೆ, ಆದ್ರೆ ಚರ್ಮದಲ್ಲಿ ಒಂದು ರಂಧ್ರ ಕಾಣಲ್ಲ, ಬೆವರು ಎಲ್ಲಿಂದ ಬಂತೋ ಆ ಭಗವಂತನೇ ಬಲ್ಲ. 'ಗ್ಲ್ಯಾಡಿಯೇಟರ್'ದು ಇನ್ನೂ ಮಜಾ. 2009ರ ಡಿಸ್ಕಲ್ಲಿ ಮೊದಲ್ನೇ ಯುದ್ಧದ ಸೀನಲ್ಲಿ ಹಾರೋ ಬಾಣಗಳನ್ನೇ ಕಸ ಅಂದ್ಕೊಂಡು ಸಾಫ್ಟ್‌ವೇರು ಅಳಿಸಿಬಿಟ್ಟಿತ್ತು! ರೋಮನ್ ಸೈನ್ಯ ಗುರಿಯಿಟ್ಟು ಬಿಟ್ಟ ಬಾಣ ಗಾಳೀಲೇ ಮಾಯ. ಮುಂದಿನ ವರ್ಷ ಸರಿ ಮಾಡಿ ಮತ್ತೆ ಡಿಸ್ಕ್ ಬಿಟ್ರು ಅನ್ನಿ.

ಹೀಗೆ ಉಜ್ಜಿ ಮೊಂಡಾದ್ಮೇಲೆ ಶಾರ್ಪ್ ಕಾಣ್ಲಿ ಅಂತ ಅಂಚಿಗೆಲ್ಲ ಬೆಳ್ಳಗೆ ಗೆರೆ ಎಳೀತಾರೆ, ಕೊಲೆ ಮಾಡಿ ಬಂದ ವಿಲನ್ ತಲೆ ಸುತ್ತಾನೂ ಪ್ರಭಾವಳಿ.

ಮೊನ್ನೆ ಆಫೀಸಿನ ಗೆಳೆಯರೊಬ್ರು ಹೊಸ 55 ಇಂಚಿನ ಟಿವಿ ತಗೊಂಡ್ರು, ಹಬ್ಬದೂಟಕ್ಕೆ ಕರೆದ್ರು. ಯಾವ್ದೋ ಹಳೇ ಸಿನಿಮಾ ಓಡ್ತಿತ್ತು, ಸಿನಿಮಾ ಅಂದ್ರೆ ಸೆಕೆಂಡಿಗೆ 24 ಫ್ರೇಮು, ಈ ಟಿವಿ ಮಧ್ಯದಲ್ಲಿ ತಾನೇ ಒಂದಿಷ್ಟು ಫ್ರೇಮ್ ಹುಟ್ಸಿ ತುರುಕ್ತಾ ಇತ್ತು, ಹೀರೋ ನೆಲದ ಮೇಲೆ ಜಾರ್ಕೊಂಡು ಹೋಗ್ತಿದ್ದ, ಎಲೆಗಳು ಯಾವ ಮರದಲ್ಲೂ ಇಲ್ದಷ್ಟು ಹಸಿರು. "ಎಷ್ಟು ಕ್ಲಿಯರ್ ಅಲ್ವಾ?" ಅಂದ್ರು ಅವ್ರು. ಒಬ್ಬಟ್ಟು ಬಾಯಲ್ಲಿತ್ತು, ಮಾತು ಒಳಗೇ ಉಳಿಸ್ಕೊಂಡೆ. ಅವ್ರು ಬಡಿಸೋಕೆ ಅಂತ ಒಳಗೆ ಹೋಗಿದ್ದೇ ತಡ, ರಿಮೋಟ್ ತಗೊಂಡೆ. ಫ್ರೇಮ್ ತುರುಕೋ ಮೋಷನ್ ಸ್ಮೂತಿಂಗ್ ಆಫು, ಶಾರ್ಪ್‌ನೆಸ್ ಕೆಳಗೆ, ಬಣ್ಣ ಕಣ್ಣಿಗೆ ಹೊಡೆಯೋ ವಿವಿಡ್ ಮೋಡ್ ತೆಗೆದು ಸಿನಿಮಾ ಮೋಡು. ಆಹಾ, ಗ್ರೇನ್ ಮೆಲ್ಲಗೆ ಉಸಿರಾಡೋಕೆ ಶುರು ಮಾಡ್ತು! ಮೂಲೇಲಿ ಕೂತಿದ್ದ ಅವ್ರ ತಾಯಿ ಮಾತ್ರ ಕನ್ನಡಕ ಒರೆಸಿ ಒರೆಸಿ ನೋಡಿ "ಯಾಕಪ್ಪಾ, ಎಲ್ರಿಗೂ ಕಾಮಾಲೆ ಬಂದಂಗಿದೆ?" ಅಂದ್ರು. "ಡೈರೆಕ್ಟರ್ ತೆಗೆದಿದ್ದೇ ಹಾಗೆ ಅಮ್ಮಾ" ಅಂದೆ. "ಪಾಪ, ಅವ್ನಿಗೇನ್ ಕಷ್ಟವೋ" ಅಂದ್ರು.

ಸೋಮವಾರ ಕ್ಯಾಂಟೀನಲ್ಲಿ ಗೆಳೆಯರು ಹೇಳ್ತಿದ್ರು, ಧಾರಾವಾಹಿ ಎಲ್ಲಾ ಹಳದಿ ಆಗಿದೆ, ಟಿವಿ ಕೆಟ್ಟೋಯ್ತು ಅಂತ ಅಮ್ಮ ಹಠ ಹಿಡಿದು ಮೆಕ್ಯಾನಿಕ್ ಕರೆಸಿದ್ರಂತೆ, ಅವ್ನು ಎರಡೇ ನಿಮಿಷದಲ್ಲಿ ಎಲ್ಲಾ ಮೊದ್ಲಿನ ಹಾಗೆ ಮಾಡಿ 500 ರೂಪಾಯಿ ಇಸ್ಕೊಂಡು, "ಸಾರ್, ಮನೇಗೆ ಮಕ್ಳು ಬಂದಾಗ ರಿಮೋಟ್ ಎತ್ತಿಡಿ" ಅಂತ ಹೇಳಿ ಹೋದ್ನಂತೆ.