ನಾಲ್ಕು ಸಾಲಿನ ಪ್ಯಾಚ್‌ಗೆ ಇಷ್ಟು ದಿನಾನಾ?

ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ನೆಟ್‌ವರ್ಕಿಂಗ್ ಕೋಡಲ್ಲಿ ಬಗ್ ಸರಿ ಮಾಡೋರ ಕೆಲಸವನ್ನ ಪ್ಯಾಚ್‌ನ, ಅಂದ್ರೆ ಕೋಡ್ ತಿದ್ದುಪಡಿಯ, ಉದ್ದದಲ್ಲಿ ಅಳೆಯೋ ಮ್ಯಾನೇಜರುಗಳು ಒಮ್ಮೆ 2019ರ ಸ್ಯಾಕ್ ಪ್ಯಾನಿಕ್ ಕಥೆ ಓದಬೇಕು.

ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಕಂಡುಹಿಡಿದ ಬಗ್ ಅದು. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ಹೊರಗಿನವರು ಲೆಕ್ಕ ಹಾಕಿ ಪ್ಯಾಕೆಟ್ ಕಳಿಸಿದ್ರೆ ಲಿನಕ್ಸ್ ಸರ್ವರ್ ಅಲ್ಲೇ ಮಲಗ್ತಿತ್ತು.

ಲೆಕ್ಕ ಸಣ್ಣದು. ಕಳಿಸೋ ಡೇಟಾ ಇಡೋ ಒಂದು ಬಫರ್‌ನಲ್ಲಿ ಹೆಚ್ಚೆಂದ್ರೆ 17 ತುಂಡು, ಎಕ್ಸ್86ನಲ್ಲಿ ತುಂಡಿಗೆ 32 ಕೆಬಿ. ಆ ಕಡೆಯವನು ಎಂಎಸ್‌ಎಸ್ಸನ್ನ (ಒಂದು ಪ್ಯಾಕೆಟ್‌ಗೆ ಹಿಡಿಸೋ ಗರಿಷ್ಠ ಅಳತೆ) 48 ಬೈಟ್‌ಗೆ ಇಳಿಸಿದ್ರೆ, ನೆಟ್‌ನಲ್ಲಿ ಡೇಟಾ ಸರಿಯಾಗಿ ತಲುಪಿಸೋ ಪದ್ಧತಿಯಾದ ಟಿಸಿಪಿಯ ಆಪ್ಷನ್‌ಗಳೇ 40 ನುಂಗಬಹುದು. ಡೇಟಾಗೆ ಉಳಿಯೋದು 8. 17 ತುಂಡಿನ ಒಟ್ಟು ಡೇಟಾವನ್ನ 8ರಿಂದ ಭಾಗಿಸಿ ನೋಡಿ: 69,632 ಸೆಗ್ಮೆಂಟ್ (ಕಳಿಸೋ ಚೂರು). ಎಣಿಸೋ ವೇರಿಯಬಲ್ 16 ಬಿಟ್‌ದು, ಅದರ ಗರಿಷ್ಠ 65,535. ಸ್ಯಾಕ್ (ಯಾವ ಚೂರು ತಲುಪಿತು ಅಂತ ಆ ಕಡೆಯವನು ಹೇಳೋ ಉತ್ತರ) ಬಂದಾಗ ಕರ್ನಲ್ ಅಕ್ಕಪಕ್ಕದ ಬಫರ್‌ಗಳನ್ನ ಸೇರಿಸ್ತಾ ಹೋಗುತ್ತೆ, ಎಣಿಕೆ ಮಿತಿ ದಾಟಿ ತಾಳೆ ತಪ್ಪುತ್ತೆ, 'ಇದು ಆಗಲೇಬಾರದು' ಅಂತ ಕೋಡ್‌ನಲ್ಲಿಟ್ಟ ಬಗ್-ಆನ್ ಚೆಕ್ಕಿಗೆ ಸಿಕ್ಕಿ ಪ್ಯಾನಿಕ್, ಅಂದ್ರೆ ಕರ್ನಲ್ಲೇ ನಿಂತುಹೋಗುತ್ತೆ. 2009ರ 2.6.29 ಕರ್ನಲ್‌ನಿಂದಲೂ ಇತ್ತು ಇದು. ಹತ್ತು ವರ್ಷ!

ಗೂಗಲ್‌ನ ಎರಿಕ್ ಡ್ಯೂಮಜೆ ಹಾಕಿದ ಮದ್ದಿನ ಸಾರ ಇಷ್ಟೇ: ಮಿತಿ ಮೀರೋ ಹಾಗಿದ್ರೆ ಸೇರಿಸಬೇಡ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಜೊತೆಗೇ ಬಂದ ಇನ್ನೊಂದು ಪ್ಯಾಚ್. ಕ್ಯೂನಲ್ಲಿರೋ ಡೇಟಾವನ್ನ ಶತ್ರು ಚೂರುಚೂರು ಮಾಡಿಸಿ ಮೆಮೊರಿ ತಿನ್ನಿಸದ ಹಾಗೆ ಅದು ಒಂದು ಮಿತಿ ಹಾಕ್ತು. ಸರಿಯಾಗೇ ಇತ್ತು. ಆದ್ರೆ ಕೆಲವು ಅಪ್ಲಿಕೇಶನ್‌ಗಳು ಸೆಂಡ್ ಬಫರನ್ನ ತೀರಾ ಚಿಕ್ಕದಾಗಿ ಇಟ್ಕೊಂಡಿದ್ವು. ಪ್ಯಾಕೆಟ್ ಕಳೆದುಹೋದ್ರೆ ಮತ್ತೆ ಕಳಿಸೋಕೇ ಆ ಮಿತಿ ಅಡ್ಡ ಬಂದು ಕನೆಕ್ಷನ್ ನಿಂತುಬಿಡ್ತಿತ್ತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು, ಸಾಲದೆ ಜುಲೈನಲ್ಲಿ ಇನ್ನೊಂದು. ಟಿಸಿಪಿ ಅರೆದು ಕುಡಿದವರಿಗೇ ಹೀಗಾದ್ರೆ ನಮ್ಮಂಥವರ ಪಾಡೇನು?

'ಅಷ್ಟು ಚಿಕ್ಕ ಬಫರ್ ಇಟ್ಟಿದ್ದು ಆಪ್ ಬರೆದವರ ತಪ್ಪು' ಅಂತ ವಾದಿಸೋರಿದ್ದಾರೆ. ನಾನು ಒಪ್ಪಲ್ಲ. ನಿನ್ನೆ ಓಡ್ತಿದ್ದ ಪ್ರೋಗ್ರಾಮ್ ಹೊಸ ಕರ್ನಲ್ ಹಾಕಿದ ಮೇಲೆ ನಿಂತ್ರೆ ಹೊಣೆ ಕರ್ನಲ್‌ದೇ. ಅದಕ್ಕೇ ದಿನಗಳು ಹಿಡಿಯೋದು. ಲ್ಯಾಬ್‌ನಲ್ಲಿ ಎರಡು ಮಷೀನ್ ನಡುವೆ ಒಂದು ಪ್ಯಾಕೆಟ್ಟೂ ಬೀಳಲ್ಲ, ಎಲ್ಲ ಟೆಸ್ಟೂ ಪಾಸ್. ಕೆಟ್ಟ ನೆಟ್‌ವರ್ಕನ್ನ ಅನುಕರಿಸೋ ನೆಟೆಮ್‌ನಲ್ಲಿ ಬೇಕಂತಲೇ ಪ್ಯಾಕೆಟ್ ಬೀಳಿಸಿ, ಟಿಸಿಪಿ ಪರೀಕ್ಷಿಸೋ ಪ್ಯಾಕೆಟ್‌ಡ್ರಿಲ್ ಟೂಲ್‌ಗೆ ಸ್ಕ್ರಿಪ್ಟ್ ಬರೆದು, ಹಳೇ ಆಪ್‌ಗಳನ್ನ ಓಡಿಸಿ ನೋಡೋ ಕೆಲಸ ಯಾವ ಡಿಫ್‌ನಲ್ಲೂ (ಬದಲಾದ ಸಾಲುಗಳ ಪಟ್ಟಿ) ಕಾಣಲ್ಲ.

ಅಂದಹಾಗೆ, ಆಗ ತುರ್ತಿಗೆ ಅಂತ ಸ್ಯಾಕನ್ನೇ ಆಫ್ ಮಾಡೋ ಉಪಾಯವೂ ಓಡಾಡ್ತಿತ್ತು. ಹಳೇ ಸರ್ವರ್ ನೋಡ್ಕೊಳ್ತಿರೋರು ಕರ್ನಲ್ ಸೆಟ್ಟಿಂಗ್ ಇರೋ ಸಿಸ್‌ಕಂಟ್ರೋಲ್ ಫೈಲ್‌ನಲ್ಲಿ ಟಿಸಿಪಿ ಸ್ಯಾಕ್ ಇನ್ನೂ ಸೊನ್ನೆಯಲ್ಲೇ ಇದೆಯಾ ನೋಡಿ. ಇದ್ರೆ, ಪ್ಯಾಚ್ ಆದ ಕರ್ನಲ್ ಅಂತ ಖಚಿತ ಮಾಡ್ಕೊಂಡು ಆನ್ ಮಾಡಿ.