ನಾಲಿಗೆ ಸೆಂಡೈಗೆ, ಕಾಲು ಚೀನಾಕ್ಕೆ: ಅಮೆರಿಕದ ಮಾಂಸ ಏಷ್ಯಾವನ್ನು ನಂಬಬಹುದೇ?

ಅಮೆರಿಕದಲ್ಲಿ ದನ ಮಾರಿದಾಗಲೆಲ್ಲ ರೈತ ಒಂದು ದನಕ್ಕೆ 1 ಡಾಲರ್ ಪ್ರಚಾರ ನಿಧಿಗೆ ಕಟ್ಟಬೇಕು. ಅದರಲ್ಲಿ ಒಂದು ಪಾಲು ಟೋಕಿಯೋ, ಸೋಲ್‌ನಂಥ ಊರುಗಳಲ್ಲಿ ಅಮೆರಿಕದ ಮಾಂಸದ ರುಚಿ ಹತ್ತಿಸುವುದಕ್ಕೆ ಖರ್ಚಾಗುತ್ತದೆ. ಹಂದಿ ಸಾಕುವವರಿಗೂ ಇಂಥದ್ದೇ ಒಂದು ವಂತಿಗೆ ಇದೆ. ಈ ದುಡ್ಡು ಸರಿಯಾದ ಕಡೆ ಹೋಗುತ್ತಿದೆಯಾ? ಮುಂದಿನ ಹತ್ತು ವರ್ಷ ಏಷ್ಯಾವನ್ನು ನಂಬಿ ಕೂರಬಹುದಾ?

ಎರಡೂ ಕಡೆ ನಾನೇ ವಾದ ಮಾಡಿದ್ದೇನೆ. ತಕ್ಕಡಿ ಒಂದು ಕಡೆ ಸ್ವಲ್ಪ ವಾಲಿದೆ, ಅದು ಓದುವಾಗ ಗೊತ್ತಾಗುತ್ತದೆ. ಮಾಂಸ ತಿನ್ನಬೇಕೋ ಬೇಡವೋ ಎಂಬ ಜಗಳ ಇಲ್ಲಿಲ್ಲ. ಅದನ್ನು ಇನ್ನೊಂದು ದಿನ ಆಡೋಣ.

ಪರ: ಅವರು ಬೇಡ ಅನ್ನುವುದನ್ನು ಇವರು ದುಡ್ಡು ಕೊಟ್ಟು ಒಯ್ಯುತ್ತಾರೆ

ಒಂದು ದನಕ್ಕೆ ಒಂದೇ ನಾಲಿಗೆ. ಒಂದೂವರೆ ಕಿಲೋ ಆಸುಪಾಸು ತೂಕ. ಅಮೆರಿಕದಲ್ಲಿ ಮೆಕ್ಸಿಕನ್ ಟಾಕೋ ಅಂಗಡಿ ಬಿಟ್ಟರೆ ಅದನ್ನು ಕೇಳುವವರು ಅಷ್ಟಕ್ಕಷ್ಟೆ. ಅದೇ ನಾಲಿಗೆ ಹಡಗು ಹತ್ತಿ ಜಪಾನಿನ ಸೆಂಡೈ ತಲುಪಿದರೆ ಅದರ ಹಣೆಬರಹವೇ ಬೇರೆ. ಅಲ್ಲಿ ಅದು ಗ್ಯೂತಾನ್. 1948ರಲ್ಲಿ ಊರಿನ ಒಬ್ಬ ಅಡುಗೆಯವ ಶುರುಮಾಡಿದ ಈ ತಿನಿಸು ಇವತ್ತು ಸೆಂಡೈಯ ಗುರುತು. ಧಾರವಾಡಕ್ಕೆ ಪೇಡ ಇದ್ದ ಹಾಗೆ. ನಾಲಿಗೆಯ ಒರಟು ಸಿಪ್ಪೆ ಸುಲಿದು, ದಪ್ಪ ಹೋಳು ಮಾಡಿ, ಚಾಕುವಿನಿಂದ ಗೀರು ಹಾಕಿ, ಉಪ್ಪು ಹಿಡಿಯಲು ಬಿಡುತ್ತಾರೆ. ಆಮೇಲೆ ಇದ್ದಿಲ ಕೆಂಡದ ಮೇಲೆ ಸುಡುತ್ತಾರೆ. ಪಕ್ಕದಲ್ಲಿ ಬಾರ್ಲಿ ಬೆರೆಸಿದ ಅನ್ನ, ದನದ ಬಾಲದ ಸಾರು. ಇಷ್ಟು ಜನಕ್ಕೆ ಜಪಾನಿನ ದನಗಳ ನಾಲಿಗೆ ಎಲ್ಲಿ ಸಾಲುತ್ತದೆ? ಹೆಚ್ಚಿನದು ಹೊರಗಿನಿಂದ ಬರಬೇಕು, ಅದರಲ್ಲಿ ಅಮೆರಿಕದ್ದು ದೊಡ್ಡ ಪಾಲು.

ಈ ವ್ಯಾಪಾರದ ಗುಟ್ಟು ಇರುವುದು ಇಲ್ಲೇ. ರಫ್ತು ಅಂದರೆ ಮಿಕ್ಕಿದ್ದನ್ನು ಹೊರಗೆ ತಳ್ಳುವುದು ಅಂತ ನಾವು ಅಂದುಕೊಳ್ಳುತ್ತೇವೆ. ಮಾಂಸದಲ್ಲಿ ಹಾಗಲ್ಲ. ಒಂದು ದನವನ್ನು ಹತ್ತಾರು ಭಾಗ ಮಾಡಿ, ಯಾವ ಭಾಗಕ್ಕೆ ಎಲ್ಲಿ ಬೆಲೆಯೋ ಅಲ್ಲಿಗೆ ಕಳಿಸುವ ಆಟ ಇದು. ಸ್ಟೇಕ್ ಚಿಕಾಗೋದಲ್ಲೇ ಉಳಿಯುತ್ತದೆ. ಹೊಟ್ಟೆಯ ಹತ್ತಿರದ ಕೊಬ್ಬಿನ ತುಂಡು ಟೋಕಿಯೋಗೆ ಹೋಗಿ, ಕಾಗದದಷ್ಟು ತೆಳ್ಳಗೆ ಸೀಳಿಸಿಕೊಂಡು, ಈರುಳ್ಳಿ ಜೊತೆ ಬೆಂದು, ಬಿಸಿ ಅನ್ನದ ಮೇಲೆ ಗ್ಯೂದೋನ್ ಆಗುತ್ತದೆ. ಪಕ್ಕೆಲುಬನ್ನು ಮೂಳೆಗೆ ಅಡ್ಡಡ್ಡ ಕೊಯ್ದರೆ ಕೊರಿಯಾದವರ ಎಲ್‌ಎ ಗಾಲ್ಬಿ. ಹಂದಿಯ ಕಾಲು, ಕಿವಿ, ಹೊಟ್ಟೆ ಚೀನಾಕ್ಕೆ. ಅಮೆರಿಕದಲ್ಲೇ ಉಳಿದಿದ್ದರೆ ಇವುಗಳಲ್ಲಿ ಎಷ್ಟೋ ಭಾಗ ಸಾಕುಪ್ರಾಣಿಗಳ ಆಹಾರಕ್ಕೋ ಕೊಬ್ಬು ಕರಗಿಸುವ ಕಾರ್ಖಾನೆಗೋ ಪುಡಿಗಾಸಿಗೆ ಹೋಗುತ್ತಿತ್ತು.

ಇದರ ಲೆಕ್ಕ ಸಣ್ಣದಲ್ಲ. 2024ರಲ್ಲಿ ಅಮೆರಿಕದ ದನದ ಮಾಂಸದ ರಫ್ತು 1,000 ಕೋಟಿ ಡಾಲರ್ ದಾಟಿತು. ಹಂದಿ ಮಾಂಸದ್ದು 860 ಕೋಟಿ ಡಾಲರ್ ಆಸುಪಾಸು, ಅದು ದಾಖಲೆ. ಕಡಿದ ಪ್ರತಿ ದನಕ್ಕೆ ಹಂಚಿದರೆ ರಫ್ತಿನಿಂದಲೇ 400 ಡಾಲರಿಗಿಂತ ಜಾಸ್ತಿ, ಪ್ರತಿ ಹಂದಿಗೆ 60 ಡಾಲರಿಗಿಂತ ಜಾಸ್ತಿ. ದನದ ವಿಷಯದಲ್ಲಿ ಈ ದುಡ್ಡಿನ ಬಹುಪಾಲು ಏಷ್ಯಾದಿಂದಲೇ ಬರುವುದು.

ಇನ್ನು ಕೊರಿಯಾದ ಕತೆ ನೋಡಿ. 2008ರ ಬೇಸಿಗೆಯಲ್ಲಿ ಸೋಲ್ ನಗರದ ಬೀದಿಗಳಲ್ಲಿ ಜನ ಮೇಣದಬತ್ತಿ ಹಿಡಿದು ರಾತ್ರಿಗಟ್ಟಲೆ ನಿಂತರು. ಮಾಂಸದ ಮೂಲಕ ಮನುಷ್ಯರಿಗೂ ಬರಬಲ್ಲ ಹುಚ್ಚು ಹಸು ರೋಗದ ಭಯದಲ್ಲಿ ಅಮೆರಿಕದ ದನದ ಮಾಂಸ ಬೇಡವೇ ಬೇಡ ಅಂದರು. ಜೂನ್ 10ರಂದು ಮೆರವಣಿಗೆ ಅಧ್ಯಕ್ಷರ ಮನೆ ಕಡೆ ಹೋಗದಿರಲಿ ಅಂತ ಪೊಲೀಸರು ರಸ್ತೆಗೆ ಅಡ್ಡ ಸರಕಿನ ಕಂಟೇನರ್‌ಗಳನ್ನೇ ಪೇರಿಸಿದರು. ಮಾಂಸ ತರುವ ಡಬ್ಬವೇ ಮಾಂಸ ಬೇಡ ಅನ್ನುವವರಿಗೆ ಗೋಡೆಯಾಯಿತು! ಅಧ್ಯಕ್ಷ ಲೀ ಮ್ಯುಂಗ್-ಬಾಕ್ ಜನರ ಕ್ಷಮೆ ಕೇಳಬೇಕಾಯಿತು. ಅಂಥ ಕೊರಿಯಾದಲ್ಲಿ ಹತ್ತು ವರ್ಷದೊಳಗೆ ಅಮೆರಿಕವು ಆಸ್ಟ್ರೇಲಿಯಾವನ್ನು ಹಿಂದೆ ಹಾಕಿತು. 2024ರಲ್ಲಿ ಅಮೆರಿಕದ ದನದ ಮಾಂಸಕ್ಕೆ ಅತಿ ಹೆಚ್ಚು ದುಡ್ಡು ಕೊಟ್ಟ ದೇಶ ಕೊರಿಯಾವೇ, 220 ಕೋಟಿ ಡಾಲರ್ ಹತ್ತಿರ. 2012ರ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಮೊದಲು 40 ಶೇಕಡಾ ಇದ್ದ ಸುಂಕ ವರ್ಷ ವರ್ಷ ಇಳಿದು 2026ಕ್ಕೆ ಸೊನ್ನೆ.

ಯಾಕೆ ಹೀಗಾಯಿತು? ರುಚಿ, ಇನ್ನೇನು. ಅಮೆರಿಕದ ದನ ಕೊನೆಯ ಕೆಲವು ತಿಂಗಳು ದನಗಳನ್ನು ಕೂಡಿಹಾಕಿ ಕೊಬ್ಬಿಸುವ ಫೀಡ್‌ಲಾಟ್‌ನಲ್ಲಿ ಮೆಕ್ಕೆಜೋಳ ತಿಂದು ಬೆಳೆಯುತ್ತದೆ. ಮಾಂಸದೊಳಗೆ ಬಿಳಿ ಕೊಬ್ಬಿನ ಎಳೆ ಕೂರುತ್ತದೆ. ಮೇಜಿನ ಮೇಲೆಯೇ ಒಲೆ ಇಟ್ಟು ಸುಟ್ಟು ತಿನ್ನುವವರಿಗೆ ಈ ಎಳೆ ಬೇಕೇ ಬೇಕು. ಹುಲ್ಲು ಮೇಯ್ದ ದನದಲ್ಲಿ ಅದು ಅಷ್ಟು ಬರುವುದಿಲ್ಲ. ಕೊರಿಯಾದ ಸ್ವಂತ ಹನ್ವೂ, ಜಪಾನಿನ ವಾಗ್ಯೂ ದನದಲ್ಲಿ ಬರುತ್ತದೆ, ಆದರೆ ಅದು ಹಬ್ಬಕ್ಕೆ ಸರಿ, ತಿಂಗಳ ಸಂಬಳದಲ್ಲಿ ವಾರ ವಾರ ತಿನ್ನುವ ಬೆಲೆಯಲ್ಲ. ಈ ಎರಡರ ನಡುವಿನ ಜಾಗ ಅಮೆರಿಕದ್ದು.

ಹಂದಿಯದು ಬೇರೆ ದಾರಿ. 2018ರ ಆಗಸ್ಟ್‌ನಲ್ಲಿ ಚೀನಾದ ಶೆನ್‌ಯಾಂಗ್‌ನಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿತು. ಮಾರನೇ ವರ್ಷ ವಿಯೆಟ್ನಾಂ, ಫಿಲಿಪೀನ್ಸ್, ಕೊರಿಯಾಕ್ಕೂ ಹಬ್ಬಿತು. ಈ ಜ್ವರಕ್ಕೆ ಮದ್ದಿಲ್ಲ, ಕೊಟ್ಟಿಗೆಯನ್ನೇ ಖಾಲಿ ಮಾಡಬೇಕು. ಮನೆ ಹಿತ್ತಿಲಲ್ಲಿ ನಾಲ್ಕಾರು ಹಂದಿ ಸಾಕುತ್ತಿದ್ದವರು ಮತ್ತೆ ಸಾಕಲು ಹೆದರುತ್ತಾರೆ. ತಿನ್ನುವವರು ಮಾತ್ರ ತಿನ್ನುವುದನ್ನು ಬಿಡುವುದಿಲ್ಲ. ಅಮೆರಿಕದ ಅಯೋವಾ ರಾಜ್ಯ ಒಂದರಲ್ಲೇ 32 ಲಕ್ಷ ಜನಕ್ಕೆ 2 ಕೋಟಿಗೂ ಹೆಚ್ಚು ಹಂದಿ. ಆ ಜ್ವರ ಅಲ್ಲಿಗೆ ಕಾಲಿಟ್ಟಿಲ್ಲ. ಖಾಲಿ ತಟ್ಟೆ ತುಂಬುವವರು ಬೇರೆ ಯಾರು?

ನಮ್ಮ ದೇಶವೂ 2022ರ ಜನವರಿಯಲ್ಲಿ ಅಮೆರಿಕದ ಹಂದಿ ಮಾಂಸಕ್ಕೆ ಬಾಗಿಲು ತೆರೆಯಲು ಒಪ್ಪಿತು. ಅದನ್ನು ನಂಬಿ ಯಾರೂ ಹೊಸ ಕೊಟ್ಟಿಗೆ ಕಟ್ಟಲಾರರು, ಕೊಡಗಿನ ಪಂದಿ ಕರಿಗೆ ಅಯೋವಾದ ಹಂದಿ ಬರುವುದು ದೂರದ ಮಾತು. ಆದರೆ ಬಾಗಿಲು ಮುಚ್ಚುವುದಕ್ಕಿಂತ ತೆರೆಯುವುದು ಒಳ್ಳೆಯದೇ ಅಲ್ವಾ?

ವಿರೋಧ: ಅಂಗಡಿ ಅಮೆರಿಕದ್ದು, ಬೀಗದ ಕೈ ಬೇರೆಯವರದು

2003ರ ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಎರಡು ದಿನ. ವಾಷಿಂಗ್ಟನ್ ರಾಜ್ಯದ ಒಂದು ಹಾಲಿನ ಹಸುವಿಗೆ ಹುಚ್ಚು ಹಸು ರೋಗ ಇದೆ ಅಂತ ಸರ್ಕಾರ ಹೇಳಿತು. ಒಂದೇ ಹಸು. ಅದೂ ಕೆನಡಾದಲ್ಲಿ ಹುಟ್ಟಿದ್ದು. ಕೆಲವೇ ದಿನಗಳಲ್ಲಿ ಜಪಾನ್, ಕೊರಿಯಾ, ಚೀನಾ ಎಲ್ಲ ಬಾಗಿಲು ಹಾಕಿದವು. ಮರುವರ್ಷದ ರಫ್ತಿನ ಹಣ ಹಿಂದಿನ ವರ್ಷದ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯಿತು.

ಗ್ಯೂದೋನ್ ಮಾರುವ ಜಪಾನಿನ ಯೋಶಿನೋಯಾ ಅಂಗಡಿಗಳು ಅಮೆರಿಕದ ಆ ಕೊಬ್ಬಿನ ತುಂಡನ್ನೇ ನಂಬಿದ್ದವು. 2004ರ ಫೆಬ್ರವರಿಯಲ್ಲಿ ದಾಸ್ತಾನು ಮುಗಿಯಿತು. ಕೊನೆಯ ಬಟ್ಟಲಿಗೆ ಜನ ಸಾಲು ನಿಂತರು. ಮಾರನೇ ದಿನದಿಂದ ಹಂದಿ ಮಾಂಸದ ಅನ್ನ. ಮತ್ತೆ ದನದ ಮಾಂಸ ಬಟ್ಟಲಿಗೆ ಬಂದಿದ್ದು 2006ರ ಸೆಪ್ಟೆಂಬರ್‌ನಲ್ಲಿ.

ಪರ ವಾದದವರು ಕೊರಿಯಾ ಹತ್ತು ವರ್ಷದಲ್ಲಿ ಮರೆತಿತು ಅಂತಾರೆ. ಜಪಾನಿನ ಕತೆ ಹೇಳುವುದಿಲ್ಲ. 2005ರ ಡಿಸೆಂಬರ್‌ನಲ್ಲಿ ಜಪಾನ್ ಬಾಗಿಲು ತೆರೆಯಿತು. ಮರುತಿಂಗಳೇ ಬಂದ ಕರುವಿನ ಮಾಂಸದ ಪೆಟ್ಟಿಗೆಯಲ್ಲಿ ರೋಗದ ಭಯದಿಂದ ಬೇಡ ಅಂದಿದ್ದ ಬೆನ್ನುಮೂಳೆ ಸಿಕ್ಕಿತು. ಬಾಗಿಲು ಮತ್ತೆ ದಡಾರ್ ಅಂತ ಮುಚ್ಚಿತು. ಜುಲೈನಲ್ಲಿ ತೆರೆಯಿತು, ಆದರೆ ಎಳೆಯದರಲ್ಲಿ ರೋಗದ ಅಪಾಯ ಕಡಿಮೆ ಅಂತ 20 ತಿಂಗಳೊಳಗಿನ ದನಕ್ಕೆ ಮಾತ್ರ. 2013ರಲ್ಲಿ ಅದು 30 ತಿಂಗಳಾಯಿತು. ವಯಸ್ಸಿನ ಮಿತಿ ಪೂರ್ತಿ ಹೋಗಿದ್ದು 2019ರಲ್ಲಿ. ಒಂದು ಹಸುವಿಗೆ 15 ವರ್ಷಕ್ಕೂ ಮೀರಿದ ಶಿಕ್ಷೆ! ಕೊರಿಯಾ ಕೂಡ ಪೂರ್ತಿ ಮರೆತಿಲ್ಲ. 2008ರಲ್ಲಿ ಹಾಕಿದ 30 ತಿಂಗಳ ಮಿತಿಯನ್ನು 2025ರ ಸುಂಕದ ಮಾತುಕತೆಯಲ್ಲೂ ಬಿಟ್ಟುಕೊಡಲಿಲ್ಲ.

ರೋಗವಾದರೂ ಒಂದು ಕಾರಣ ಅನ್ನಬಹುದು. ಚೀನಾದ್ದು ನೋಡಿ. 2003ರಲ್ಲಿ ಮುಚ್ಚಿದ ಬಾಗಿಲು 2017ರಲ್ಲಿ ತೆರೆಯಿತು. 2020ರ ವ್ಯಾಪಾರ ಒಪ್ಪಂದದ ನಂತರ ಮಾರಾಟ ಜಿಗಿಯಿತು, 2022ರಲ್ಲಿ 200 ಕೋಟಿ ಡಾಲರ್ ದಾಟಿತು. ಇನ್ನೇನು ಬೇಕು ಅಂತ ಎಲ್ಲರೂ ಕುಣಿದರು. 2025ರ ಮಾರ್ಚ್ 16ರಂದು ನೂರಾರು ಅಮೆರಿಕನ್ ದನದ ಮಾಂಸ ಘಟಕಗಳ ನೋಂದಣಿ ಅವಧಿ ಮುಗಿಯಿತು. ಚೀನಾ ನವೀಕರಿಸಲಿಲ್ಲ. ಯಾವ ರೋಗವೂ ಇರಲಿಲ್ಲ, ನಿಷೇಧ ಅಂತ ಯಾರೂ ಘೋಷಿಸಲೂ ಇಲ್ಲ. ಸುಮ್ನೆ ಕಾಗದ ಮುಂದೆ ಹೋಗಲಿಲ್ಲ. ಹಂದಿ ಘಟಕಗಳ ಕಾಗದ ಮಾತ್ರ ನವೀಕರಣವಾಯಿತು. ಏಪ್ರಿಲ್‌ನಲ್ಲಿ ಎರಡೂ ದೇಶ ಹಠಕ್ಕೆ ಬಿದ್ದು ಚೀನಾದ ಹೊಸ ಸುಂಕ 125 ಶೇಕಡಾಕ್ಕೆ ಏರಿದಾಗ ಆ ಕಾಗದಕ್ಕೂ ಬೆಲೆ ಇರಲಿಲ್ಲ. 2018ರಲ್ಲೂ ಹೀಗೇ ಆಗಿತ್ತು. ಆಗ ಹಂದಿ ಮಾಂಸದ ಸುಂಕ 12ರಿಂದ 62 ಶೇಕಡಾಕ್ಕೆ ಹಾರಿತ್ತು. ಹಂದಿಯ ಕಾಲಿಗೆ ಚೀನಾದಷ್ಟು ಬೆಲೆ ಕೊಡುವವರು ಬೇರೆ ಇಲ್ಲ ಅನ್ನುವುದು ಪರ ವಾದದ ಬಲ ಅಂತಾರೆ. ನನಗೆ ಅದೇ ದೊಡ್ಡ ಭಯ. ಒಬ್ಬನೇ ಗಿರಾಕಿ ಇದ್ದರೆ ಬೆಲೆ ಹೇಳುವವನು ಅವನೇ.

ತಪ್ಪೆಲ್ಲ ಆಚೆ ಕಡೆಯದೂ ಅಲ್ಲ. ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಒಪ್ಪಂದವನ್ನು ವರ್ಷಗಟ್ಟಲೆ ಕೂತು ಹೆಣೆದ ಅಮೆರಿಕವೇ 2017ರ ಜನವರಿಯಲ್ಲಿ ಎದ್ದು ಹೊರಟಿತು. ಉಳಿದವರು ಒಪ್ಪಂದ ಜಾರಿ ಮಾಡಿಕೊಂಡರು. 2019ರಲ್ಲಿ ಜಪಾನಿನ ಬಂದರಿನಲ್ಲಿ ಆಸ್ಟ್ರೇಲಿಯಾದ ಮಾಂಸಕ್ಕೆ 26.6 ಶೇಕಡಾ ಸುಂಕ, ಅಮೆರಿಕದ್ದಕ್ಕೆ 38.5. ಮದುವೆ ಊಟ ತಯಾರು ಮಾಡಿ ಎಲೆ ಹಾಕುವ ಹೊತ್ತಿಗೆ ಮನೆಗೆ ಹೋದ ಹಾಗೆ. 2020ರಲ್ಲಿ ಜಪಾನಿನ ಜೊತೆ ಬೇರೆ ಒಪ್ಪಂದ ಮಾಡಿಕೊಂಡು ಸಮಕ್ಕೆ ಬಂದರು, 2033ಕ್ಕೆ ಸುಂಕ 9 ಶೇಕಡಾ ಆಗುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. 2021ರ ಮಾರ್ಚ್‌ನಲ್ಲಿ ಆಮದು ಮಿತಿ ದಾಟಿತು ಅಂತ ಜಪಾನ್ 30 ದಿನ ಹಳೆಯ 38.5 ಸುಂಕವನ್ನೇ ಹಾಕಿತು. ಜಾಸ್ತಿ ಮಾರಿದ್ದಕ್ಕೆ ದಂಡ!

ಕಾನೂನು ಒಪ್ಪಿದರೂ ಜನ ಒಪ್ಪಬೇಕಲ್ಲ. ಅಮೆರಿಕದಲ್ಲಿ ಹಂದಿ ಮೇವಿಗೆ ರಾಕ್ಟೋಪಮಿನ್ ಎಂಬ ಔಷಧಿ ಬೆರೆಸಲು ಅನುಮತಿ ಇದೆ, ಅದರಿಂದ ಕೊಬ್ಬು ಕಡಿಮೆಯಾಗಿ ಮಾಂಸ ತುಂಬುತ್ತದೆ. ತೈವಾನ್ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ 2021ರ ಜನವರಿಯಿಂದ ಅಂಥ ಮಾಂಸಕ್ಕೆ ಒಪ್ಪಿಗೆ ಕೊಟ್ಟರು. ಅದಕ್ಕೂ ಮೊದಲೇ, 2020ರ ನವೆಂಬರ್ 27ರಂದು, ವಿರೋಧ ಪಕ್ಷದವರು ಸಂಸತ್ತಿಗೆ ಬಕೆಟ್ ತುಂಬ ಹಂದಿ ಕರುಳು ತಂದು ಸಭೆಯಲ್ಲೇ ಎರಚಿದರು. ನಮ್ಮ ವಿಧಾನಸೌಧದಲ್ಲಿ ಕಾಗದ ಹರಿದು ಎಸೆಯುವುದನ್ನು ಕಂಡವರಿಗೂ ಇದು ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. 2021ರ ಡಿಸೆಂಬರ್‌ನ ಜನಮತದಲ್ಲಿ ನಿಷೇಧದ ಪ್ರಸ್ತಾಪ ಬಿದ್ದುಹೋಯಿತು. ಬಾಗಿಲು ತೆರೆದೇ ಉಳಿಯಿತು. ಆದರೆ ಅಂಗಡಿ, ಹೋಟೆಲುಗಳವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು: ನಮ್ಮಲ್ಲಿ ತೈವಾನ್ ಹಂದಿ ಮಾಂಸ ಮಾತ್ರ. ಆ ಸ್ಟಿಕ್ಕರ್ ಕೀಳಿಸಲು ಯಾವ ಒಪ್ಪಂದದಿಂದ ಆಗುತ್ತದೆ?

ಆಸೆ ಹುಟ್ಟಿಸಿದ ಆಗ್ನೇಯ ಏಷ್ಯಾದಲ್ಲಿ ಅಗ್ಗದ ದನದ ಮಾಂಸದ ಜಾಗ ಆಗಲೇ ತುಂಬಿದೆ. ವಿಯೆಟ್ನಾಂ, ಮಲೇಷ್ಯಾ, ಇಂಡೋನೇಷ್ಯಾದ ಸಾಮಾನ್ಯ ಜನರ ಬಟ್ಟಲಿಗೆ ಹೋಗುವುದರಲ್ಲಿ ದೊಡ್ಡ ಪಾಲು ಭಾರತದ ಎಮ್ಮೆ, ಕೋಣದ ಮಾಂಸ. ಅದರ ಬೆಲೆಗೆ ಅಮೆರಿಕದ ದನ ಸಾಕುವ ರಾಜ್ಯ ನೆಬ್ರಾಸ್ಕಾ ಇಳಿಯಲಾರದು. ದುಬಾರಿ ಮಾಂಸ ಕೊಳ್ಳುವ ಜಪಾನಿನಲ್ಲಿ ಜನಸಂಖ್ಯೆ ಇಳಿಯುತ್ತಿದೆ. 2024ರಲ್ಲಿ ಒಂದು ಡಾಲರಿಗೆ 160 ಯೆನ್ ಕೊಡಬೇಕಾಗಿ ಬಂದಾಗ ಅಲ್ಲಿನ ಆಮದುದಾರರು ಕೈ ಹಿಂದೆ ತೆಗೆದರು. ಹಂದಿ ಮಾಂಸದಲ್ಲಂತೂ ಅಮೆರಿಕದ ಮೊದಲ ಗಿರಾಕಿ ಏಷ್ಯಾದಲ್ಲೇ ಇಲ್ಲ. ಅದು ಪಕ್ಕದ ಮೆಕ್ಸಿಕೋ, ಹಡಗೇ ಬೇಡ, ಲಾರಿ ಸಾಕು.

ಇಷ್ಟೆಲ್ಲ ಬಿಟ್ಟರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಮಾರಲು ದನ ಎಲ್ಲಿದೆ? ವರ್ಷಗಟ್ಟಲೆ ಬರ ಬಿದ್ದು, ಹುಲ್ಲಿಲ್ಲದೆ ಮಂದೆ ಕರಗಿತು. 2025ರ ಜನವರಿ 1ಕ್ಕೆ ಅಮೆರಿಕದಲ್ಲಿದ್ದ ದನ 8.67 ಕೋಟಿ. 1951ರ ನಂತರ ಅಲ್ಲಿಯವರೆಗೆ ಇಷ್ಟು ಕಡಿಮೆ ಇದ್ದಿದ್ದೇ ಇಲ್ಲ. ಮಾಂಸ ಕೊರೆಯುವ ಸ್ಕ್ರೂವರ್ಮ್ ಹುಳದ ಭಯದಿಂದ ಮೆಕ್ಸಿಕೋದ ಕರುಗಳಿಗೂ 2025ರಲ್ಲಿ ಗಡಿ ಮುಚ್ಚಿತು. ಹ್ಯಾಂಬರ್ಗರ್‌ಗೆ ಬೇಕಾದ ಕೊಬ್ಬಿಲ್ಲದ ಮಾಂಸವನ್ನು ಅಮೆರಿಕವೇ ಆಸ್ಟ್ರೇಲಿಯಾ, ಬ್ರೆಜಿಲ್‌ನಿಂದ ತರಿಸುತ್ತಿದೆ.

ಮಂದೆ ಮತ್ತೆ ಬೆಳೆಯಬೇಕಾದರೆ ರೈತ ಕಡಸುಗಳನ್ನು ಕಸಾಯಿಖಾನೆಗೆ ಕಳಿಸದೆ ಉಳಿಸಿಕೊಳ್ಳಬೇಕು. ಉಳಿಸಿಕೊಂಡ ಪ್ರತಿ ಕಡಸಿಗೆ ಈ ವರ್ಷ ಸೆಂಡೈಗೆ ಒಂದು ನಾಲಿಗೆ ಕಡಿಮೆ. ಆ ಕಡಸು ಬಸಿರಾಗಿ, ಒಂಬತ್ತು ತಿಂಗಳು ಹೊತ್ತು ಈದು, ಕರು ಬೆಳೆದು, ಮೆಕ್ಕೆಜೋಳ ತಿಂದು, ಪೆಟ್ಟಿಗೆ ಸೇರಿ ಹಡಗು ಹತ್ತುವಷ್ಟರಲ್ಲಿ ಹತ್ತಿರ ಹತ್ತಿರ ಮೂರು ವರ್ಷ. ಅಷ್ಟು ದಿನ ಸೆಂಡೈಯ ಅಂಗಡಿಯವನು ಒಲೆ ಆರಿಸಿ ಕಾಯುವುದಿಲ್ಲ. ಆಸ್ಟ್ರೇಲಿಯಾದ ನಾಲಿಗೆಯ ಸಿಪ್ಪೆ ಸುಲಿಯುತ್ತಿರುತ್ತಾನೆ.